ಇರಲಿ, ಬೇಕಾಗತ್ತೆ

2019ರ ಜನವರಿ 1ರಂದು ಮನೆ ಓರಣವಾಗಿಡುವುದನ್ನು ಕಲಿಸುವ ಜಪಾನಿನ ಮಾರಿ ಕೊಂಡೊ ನೆಟ್‌ಫ್ಲಿಕ್ಸ್‌ನಲ್ಲಿ ಪ್ರತ್ಯಕ್ಷರಾದಾಗ ಹೊರನಾಡ ಕನ್ನಡ ಸೊಸೆಯಂದಿರಿಗೆ ಕೊನೆಗೂ ಒಬ್ಬ ಗುರು ಸಿಕ್ಕಿದರು. ಮನೆಯ ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿಯುವುದು. ಮನಸ್ಸು ಅರಳಿದರೆ ಇಟ್ಟುಕೊಳ್ಳುವುದು, ಅರಳದಿದ್ದರೆ ಥ್ಯಾಂಕ್ಸ್ ಹೇಳಿ ಸಾಗಹಾಕುವುದು. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಕನ್ನಡದ ಮನೆಯೊಂದರ ಸೊಸೆ ಆ ವರ್ಷವಿಡೀ ಥ್ಯಾಂಕ್ಸ್ ಹೇಳಿದಳು. ಮೊಸರಿನ ಖಾಲಿ ಡಬ್ಬ, ಬಾಯಿ ಒಡೆದ ಜಾಡಿ, ಗಂಡನ ಕಾಲೇಜು ದಿನಗಳ ಟೀ ಷರ್ಟು ಎಲ್ಲವೂ ಕೃತಜ್ಞತೆಯೊಂದಿಗೆ ಹೊರಗೆ ಹೋದವು. ಗ್ಯಾರೇಜಿನಲ್ಲಿ ಮೊದಲ ಬಾರಿಗೆ ಕಾರು ನಿಂತಿತು.

ಡಿಸೆಂಬರಿನಲ್ಲಿ ಮೈಸೂರಿನಿಂದ ಅತ್ತೆ ಮಾವ ಬಂದಿಳಿದರು.

ಅತ್ತೆಯವರದು ಬೇರೆಯೇ ಗುರುಪರಂಪರೆ. ಅದರ ಮೂಲಮಂತ್ರ, “ಇರಲಿ, ಬೇಕಾಗತ್ತೆ.” ವಾರ ಕಳೆಯುವುದರೊಳಗೆ ರೀಸೈಕಲ್ ತೊಟ್ಟಿಗೆ ಹೋಗಿದ್ದ ಡಬ್ಬಗಳು ಸ್ನಾನ ಮುಗಿಸಿ ಅಡುಗೆಮನೆಗೆ ಮರಳಿದವು. ಅಮೆಜಾನ್ ಪೆಟ್ಟಿಗೆಗಳು ಒಂದರೊಳಗೊಂದು ಕೂತು ಗ್ಯಾರೇಜು ತುಂಬಿದವು, ಕಾರು ಮತ್ತೆ ಬೀದಿಗೆ ಬಿತ್ತು. ಸೊಸೆ ತುಟಿಪಿಟಕ್ಕೆನ್ನಲಿಲ್ಲ. ಏಪ್ರಿಲ್‌ನಲ್ಲಿ ರಿಟರ್ನ್ ಟಿಕೆಟ್ ಇತ್ತು.

ಏಪ್ರಿಲ್‌ಗಿಂತ ಮೊದಲು ಕೊರೊನಾ ಬಂತು. 2020ರ ಮಾರ್ಚ್ 21ರಂದು ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಎಲ್ಲರೂ ಮನೆಯಲ್ಲೇ ಇರಬೇಕೆಂದು ಆದೇಶ ಹೊರಡಿಸಿದರು. ಅದೇ ಹೊತ್ತಿಗೆ ಭಾರತವೂ ಅಂತರರಾಷ್ಟ್ರೀಯ ವಿಮಾನಗಳಿಗೆ ಬಾಗಿಲು ಹಾಕಿತು. ಸಿಕ್ಕಿಬಿದ್ದವರನ್ನು ಕರೆದೊಯ್ಯುವ ವಂದೇ ಭಾರತ್ ವಿಮಾನಗಳು ಹಾರತೊಡಗಿದ್ದು ಮೇ 7ರಿಂದ. ಅವುಗಳಲ್ಲಿ ಸೀಟು ಸಿಗಲು ಪೂರ್ವಜನ್ಮದ ಸುಕೃತ ಬೇಕಿತ್ತು. ಮಾಮೂಲಿ ವೇಳಾಪಟ್ಟಿಯ ಹಾರಾಟಕ್ಕಂತೂ 2022ರ ಮಾರ್ಚ್ 27ರವರೆಗೆ ಕಾಯಬೇಕಾಯಿತು. ಬಾಣಂತನಕ್ಕೋ ಉಪನಯನಕ್ಕೋ ಬಂದ ಎಷ್ಟೋ ಅಜ್ಜ ಅಜ್ಜಿಯರು ವೀಸಾ ವಿಸ್ತರಣೆಯ ಅರ್ಜಿ ತುಂಬುತ್ತ, ಬಿಪಿ ಮಾತ್ರೆ ಎಣಿಸುತ್ತ, ಬೇರೆಯವರ ಅಡುಗೆಮನೆಯಲ್ಲಿ ಬೇಸಿಗೆ ಕಳೆದರು.

ಎಡಿಸನ್ ಮನೆಯ ಮೊಮ್ಮಗಳು ಮೂರನೇ ಕ್ಲಾಸು. ಶಾಲೆ ಲ್ಯಾಪ್‌ಟಾಪಿನೊಳಗೆ ಹೋಗಿತ್ತು. ಮಕ್ಕಳಿಗೆ ಬೇಸರವಾಗದಿರಲೆಂದು ಟೀಚರ್ ಒಂದು ಪಟ್ಟಿ ಕಳಿಸಿದರು: ಮನೆಯಲ್ಲೇ ಇರುವ ಸಾಮಾನಿನಿಂದ ಏನಾದರೂ ಮಾಡಿ. ಬೇಕಾಗುವ ವಸ್ತುಗಳು ಗೂಗ್ಲಿ ಕಣ್ಣು, ಪಾಂಪಾಂ, ಪೈಪ್ ಕ್ಲೀನರ್, ಪಾಪ್ಸಿಕಲ್ ಕಡ್ಡಿ. ಇವು ಯಾರ ಮನೆಯಲ್ಲಿ ಇರುತ್ತವೆಂದು ಪಟ್ಟಿಯಲ್ಲಿ ಬರೆದಿರಲಿಲ್ಲ. ಇದ್ದ ಪಾಪ್ಸಿಕಲ್ ಕಡ್ಡಿಗಳಿಗೆ ಅಮ್ಮ ಹಿಂದಿನ ವರ್ಷವೇ ಥ್ಯಾಂಕ್ಸ್ ಹೇಳಿಯಾಗಿತ್ತು.

ಅಜ್ಜಿಯ ಸೂಟ್‌ಕೇಸು ತೆರೆಯಿತು. ಗೂಗ್ಲಿ ಕಣ್ಣಿನ ಬದಲು ಸ್ಟಿಕ್ಕರ್ ಬೊಟ್ಟು, ಪಾಂಪಾಂ ಬದಲು ಹೂಬತ್ತಿ, ಕಡ್ಡಿಗೆ ಉರಿದುಳಿದ ಊದುಬತ್ತಿಯ ಬುಡ. ಮೆರೂನ್ ಬೊಟ್ಟು ಅಂಟಿಸಿದ ಮೊಲಕ್ಕೆ ಕಣ್ಣುಬೇನೆ ಬಂತು. ಕಲ್ಲು ಕೂರಿಸಿದ ಬೊಟ್ಟಿನ ಗೂಬೆ ಮದುವೆಮನೆಗೆ ಹೊರಟಿತು. ಅಂಟು ಮಾಡುವ ಕೆಲಸ ಅಜ್ಜನ ಪಾಲಿಗೆ ಬಂತು. ಒಂದು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಹುಯ್ದು, ಹಿಟ್ಟಿನ ಬಿಳಿ ಹೋಗಿ ಹೊಳಪು ಬರುವ ತನಕ ತಿರುವುವುದು. ಹುಳ ಹಿಡಿಯಬಾರದೆಂದು ಪುಸ್ತಕಕ್ಕೆ ರಟ್ಟು ಹಾಕುವವರು ಇದಕ್ಕೆ ಮೈಲುತುತ್ತ ಸೇರಿಸುತ್ತಿದ್ದುದನ್ನು ಅಜ್ಜ ನೆನಪಿಸಿಕೊಂಡರು. ಅದು ವಿಷ, ಮಕ್ಕಳ ಕೈಗೆ ಬೇಡ ಎಂದು ಸೊಸೆ ಅಂದಳು. ಆ ವಾರ ಅಂಗಡಿಗಳಲ್ಲಿ ಮೈದಾ ಕೂಡ ಮಾಯವಾಗಿತ್ತು. ಅಮೆರಿಕಕ್ಕೆ ಅಮೆರಿಕವೇ ಮನೆಯಲ್ಲಿ ಕೂತು ಬ್ರೆಡ್ ಸುಡುತ್ತಿತ್ತು.

ಮಾರ್ಚ್ 25 ಯುಗಾದಿ. ಭಾರತದಲ್ಲಿ 21 ದಿನಗಳ ಲಾಕ್‌ಡೌನ್ ಶುರುವಾದದ್ದೂ ಅಂದೇ. ಭಾರತೀಯ ಅಂಗಡಿಗಳ ಓಕ್ ಟ್ರೀ ರೋಡಿಗೆ ಹೋಗಿ ಮಾವಿನೆಲೆ ತರುವ ಮಾತು ಯಾರೂ ಎತ್ತಲಿಲ್ಲ. ಮೊಮ್ಮಗಳು ಹಸಿರು ಕಾಗದ ಕತ್ತರಿಸಿ, ಉದ್ದಕ್ಕೆ ಮಡಚಿ ನಡುನರ ಮೂಡಿಸಿ, ದಾರಕ್ಕೆ ಸ್ಟೇಪ್ಲರ್ ಹೊಡೆದು ಬಾಗಿಲಿಗೆ ಕಟ್ಟಿದಳು. ಒಣಗದ, ಉದುರದ, ಬಣ್ಣ ಕೆಡದ ತೋರಣ. ಹೀಗಾಗಿ ಅದನ್ನು ತೆಗೆಯುವ ದಿನ ಯಾವುದೆಂಬ ಪ್ರಶ್ನೆಗೆ ಯಾವ ಪಂಚಾಂಗದಲ್ಲೂ ಉತ್ತರ ಸಿಗದೆ, ಕೊನೆಗೆ ಹ್ಯಾಲೊವೀನ್ ಕುಂಬಳಕಾಯಿಯ ತಲೆಯ ಮೇಲೂ ಅದೇ ತೂಗಾಡಿತು.

ರಾಮನವಮಿಗೆ, ಅಂದರೆ ಏಪ್ರಿಲ್ 2ಕ್ಕೆ, ರಟ್ಟಿನ ಸುರುಳಿಗಳಿಂದ ರಾಮಾಯಣ ಎಂದು ತೀರ್ಮಾನವಾಯಿತು. ಮಡಿಯ ತಕರಾರು ಇಲ್ಲಿ ಎದ್ದಿತು. ಟಾಯ್ಲೆಟ್ ಪೇಪರಿನ ಸುರುಳಿ ರಾವಣನಿಗಾದರೆ ಅಡ್ಡಿಯಿಲ್ಲ, ರಾಮನಿಗೆ ಕೂಡದು ಎಂದು ಅಜ್ಜಿ ತೀರ್ಪಿತ್ತರು. ರಾಮ ಸೀತೆ ಲಕ್ಷ್ಮಣರಿಗೆ ಕಿಚನ್ ಟವೆಲ್ಲಿನ ಸುರುಳಿ. ಟವೆಲ್ಲಿನದು ಹನ್ನೊಂದು ಅಂಗುಲ, ಟಾಯ್ಲೆಟ್ ಪೇಪರಿನದು ನಾಲ್ಕು ಚಿಲ್ಲರೆ. ಅಧರ್ಮ ಧರ್ಮದ ಸೊಂಟದ ಮಟ್ಟಕ್ಕೂ ಸರಿಯಾಗಿ ಬರಲಿಲ್ಲ. ನಿಜವಾದ ಕಷ್ಟ ತಲೆಗಳದ್ದು. ದಶಕಂಠನಿಗೆ ಹತ್ತು ಸುರುಳಿ ಬೇಕು, ದೇಶದಲ್ಲೇ ಟಾಯ್ಲೆಟ್ ಪೇಪರಿಗೆ ಹಾಹಾಕಾರ. ತಲೆಗಳು ಮನೆಮಂದಿಯ ಜೀರ್ಣಶಕ್ತಿಗೆ ತಕ್ಕಂತೆ ಒಂದೊಂದಾಗಿ ಮೂಡಬೇಕಾಯಿತು. ಹಬ್ಬದ ದಿನ ರಾವಣ ನಾಲ್ಕು ತಲೆಯಲ್ಲಿ ನಿಂತಿದ್ದ, ಅಜ್ಜ ಅವನನ್ನು ಬ್ರಹ್ಮ ಎಂದುಕೊಂಡು ಕೈ ಮುಗಿದರು.

ಮರುದಿನ, ಏಪ್ರಿಲ್ 3ರಂದು, ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಎಲ್ಲರೂ ಬಟ್ಟೆಯ ಮಾಸ್ಕ್ ಧರಿಸುವುದು ಒಳ್ಳೆಯದೆಂದು ಹೇಳಿತು. ಹೊಲಿಯುವ ಕ್ರಮವನ್ನೂ ಕೊಟ್ಟಿತು: ಹತ್ತು ಅಂಗುಲ ಉದ್ದ, ಆರು ಅಂಗುಲ ಅಗಲದ ಎರಡು ಹತ್ತಿ ಬಟ್ಟೆ ತುಂಡು, ಕಿವಿಗೆ ಎಲಾಸ್ಟಿಕ್, ಅದಿಲ್ಲದಿದ್ದರೆ ದಾರ. ಇಲ್ಲಿ ಹೊರನಾಡ ಕನ್ನಡದ ಒಂದು ಗುಪ್ತನಿಧಿಯ ಬಗ್ಗೆ ಹೇಳಲೇಬೇಕು. ಅರಿಶಿನ ಕುಂಕುಮಕ್ಕೆ ಕರೆದು ಕೊಟ್ಟ ಬ್ಲೌಸ್ ಪೀಸನ್ನು ಹೊಲಿಸಿಕೊಂಡವರು ಇಲ್ಲ. ವರಮಹಾಲಕ್ಷ್ಮಿಗೆ ಬಂದದ್ದು ನವರಾತ್ರಿಗೆ ಹೋಗುತ್ತದೆ, ನವರಾತ್ರಿಗೆ ಹೋದದ್ದು ಸಂಕ್ರಾಂತಿಗೆ ಬೇರೆ ಮನೆ ಸುತ್ತಿ ಮರಳುತ್ತದೆ. ಮಾರಿ ಕೊಂಡೊ ಕೂಡ ಇದರ ಮುಂದೆ ಸೋತಿದ್ದರು. ಮನಸ್ಸು ಅರಳುವುದಿಲ್ಲ, ಆದರೆ ಸೌಭಾಗ್ಯದ ವಸ್ತುವನ್ನು ಎಸೆಯುವ ಧೈರ್ಯ ಯಾರಿಗಿದೆ?

ಆ ಅಟ್ಟಿ ಈಗ ಊಟದ ಮೇಜಿಗೆ ಇಳಿಯಿತು. ಒಂದು ಪೀಸಿಗೆ ಸರಾಗವಾಗಿ ಅರ್ಧ ಡಜನ್ ಮಾಸ್ಕ್. ಎಲಾಸ್ಟಿಕ್ ಎಲ್ಲೂ ಸಿಗುತ್ತಿರಲಿಲ್ಲ. ಅಜ್ಜಿ ತಮ್ಮ ಹಳೇ ಲಂಗಗಳ ಲಾಡಿ ಎಳೆದು ಕೊಟ್ಟರು. ಪಾಲಿಯೆಸ್ಟರ್ ಮಿಶ್ರಣದವು ಯಾವುವು, ಅಪ್ಪಟ ಹತ್ತಿಯವು ಯಾವುವು ಎಂದು ಬೇರ್ಪಡಿಸುವಾಗ ಯಾವ ಗೆಳತಿ ಎಂಥದ್ದು ಕೊಟ್ಟಿದ್ದಳೆಂಬ ಹಳೇ ಲೆಕ್ಕವೂ ಹೊರಬಿತ್ತು. ಜರಿ ಅಂಚಿನ ಮಾಸ್ಕ್ ಹಾಕಿಕೊಂಡು ಮಗ ಹಾಲು ತರಲು ಹೋದರೆ ಅಂಗಡಿಯ ಕ್ಯೂನಲ್ಲಿ ಆರಡಿ ದೂರ ನಿಂತವರು ಎಂಟಡಿ ಸರಿದರು.

ಶ್ರಾವಣ ಹತ್ತಿರವಾದಾಗ ಅಜ್ಜಿ ಗೆಜ್ಜೆವಸ್ತ್ರ ಕಲಿಸಲು ಕೂತರು. ಇದು ನೋಡಲು ಸುಲಭ, ಕೈಗೆ ಕಷ್ಟ. ಹತ್ತಿಯ ಉಂಡೆಯನ್ನು ಎಡಗೈಯಲ್ಲಿ ಹಗುರವಾಗಿ ಹಿಡಿದು ಬಲಗೈಯ ಹೆಬ್ಬೆರಳು ತೋರುಬೆರಳಿನಿಂದ ಎಳೆ ಹೊರತೆಗೆಯಬೇಕು. ಎಳೆದದ್ದನ್ನು ಹೊಸೆಯಬೇಕು, ಸ್ವಲ್ಪ ಜಾಗ ಬಿಟ್ಟು, ಬಿಟ್ಟ ಹತ್ತಿ ಮೊಗ್ಗಿನ ಹಾಗೆ ಉಬ್ಬಿ ನಿಂತಾಗ ಅದರಾಚೆ ಮತ್ತೆ ಹೊಸೆಯಬೇಕು. ಬೆರಳಿಗೆ ಹಾಲಿನ ಅಥವಾ ನೀರಿನ ಪಸೆ ಇದ್ದರೆ ಎಳೆ ನಿಲ್ಲುತ್ತದೆ. ಹೆಚ್ಚಾದರೆ ಮೊಗ್ಗು ಮುದುಡುತ್ತದೆ. ಕೊನೆಗೆ ಹೊಸೆದ ಕಡೆಗೆಲ್ಲ ಕುಂಕುಮದ ಚುಕ್ಕೆ. ಐಪ್ಯಾಡಿನ ಮೇಲೆ ಮಿಂಚಿನಂತೆ ಓಡುತ್ತಿದ್ದ ಪುಟ್ಟ ಬೆರಳು ಇಲ್ಲಿ ಅಂಗುಲಕ್ಕೊಮ್ಮೆ ತುಂಡು ಮಾಡಿತು. ಅಜ್ಜಿ ಕಣ್ಣು ಟಿವಿಯಲ್ಲಿಟ್ಟುಕೊಂಡೇ ಗೇಣುಗೇಣು ಇಳಿಸಿದರು.

ಊರಿಂದ ತಂದ ಹತ್ತಿ ಮುಗಿದು ಔಷಧಿ ಅಂಗಡಿಯ ಬಿಳಿ ಉಂಡೆಗಳು ಬಂದಾಗ ಎಳೆ ಜಾರತೊಡಗಿತು. ಅಜ್ಜಿಗೆ ಅನುಮಾನ. ಒಂದು ಉಂಡೆಗೆ ಕಡ್ಡಿ ಗೀರಿದರು. ಹತ್ತಿಯಾದರೆ ಉರಿದು ಬೂದಿಯಾಗಬೇಕು; ಇದು ಕರಗಿ ಕಪ್ಪು ಮಣಿಯಾಯಿತು. ಪಾಲಿಯೆಸ್ಟರ್! ಪತ್ತೆದಾರಿಕೆ ಯಶಸ್ವಿಯಾದ ಮರುಕ್ಷಣ ಸೀಲಿಂಗಿನ ಹೊಗೆ ಅಲಾರಂ ಕಿರುಚಿತು. ಇಂಗಿನ ಒಗ್ಗರಣೆಗೆಂದೇ ಬಾಗಿಲ ಹಿಂದೆ ಇಟ್ಟಿದ್ದ ಟವೆಲ್ ಹಿಡಿದು ಮಗ ಆಫೀಸಿನ ಕಾಲ್ ಮಧ್ಯದಲ್ಲೇ ಗಾಳಿ ಬೀಸಲು ಓಡಿಬಂದ. ಮ್ಯೂಟ್ ಒತ್ತಿರಲಿಲ್ಲ. ‘ಅಮ್ಮಾ, ಏನ್ ಸುಟ್ಟೆ?’ ಎಂಬ ಕನ್ನಡ ಮೂರು ಟೈಮ್ ಝೋನಿಗೆ ಏಕಕಾಲಕ್ಕೆ ತಲುಪಿತು.

ಅತ್ತ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಬೇರೊಂದು ಆಟ ನಡೆದಿತ್ತು. ವಾಕಿಂಗ್ ಹೋಗುವ ಮಕ್ಕಳು ಎಣಿಸಲೆಂದು ಜನ ಕಿಟಕಿಯಲ್ಲಿ ಟೆಡ್ಡಿ ಕರಡಿ ಕೂರಿಸಿದರು. ಸೊಸೆಯ ತಂಗಿ ಇರುವುದು ಮೆಲ್ಬರ್ನ್‌ನಲ್ಲಿ. ಅವಳ ಮನೆಯಲ್ಲಿ ಕರಡಿ ಇರಲಿಲ್ಲ, ದಸರೆಯ ಪಟ್ಟದ ಗೊಂಬೆಗಳಿದ್ದವು. ರಾಜ ರಾಣಿ ಕಿಟಕಿಯಲ್ಲಿ ನಿಂತರು. ಓಣಿಯ ಮಕ್ಕಳು ಉದಾರವಾಗಿ ಅವರನ್ನೂ ಎರಡು ಕರಡಿ ಎಂದೇ ಲೆಕ್ಕ ಹಿಡಿದರು.

ಎಡಿಸನ್ ಮನೆಯ ದೊಡ್ಡ ಸಾಹಸ ಆಗಸ್ಟ್ 22ರ ಗಣೇಶ ಚೌತಿ. ಟೀಚರ್ ಪಟ್ಟಿಯಲ್ಲಿ ಉಪ್ಪುಹಿಟ್ಟಿನ ಗೊಂಬೆಯ ವಿಧಾನವಿತ್ತು: ಎರಡು ಪಾಲು ಮೈದಾ, ಒಂದು ಪಾಲು ಪುಡಿಯುಪ್ಪು, ಒಂದು ಪಾಲು ನೀರು, ನಾದಿ, ಗೊಂಬೆ ಮಾಡಿ, 250 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ ಎರಡು ಗಂಟೆ. ಮೊಮ್ಮಗಳು ಹೊಟ್ಟೆ, ಸೊಂಡಿಲು, ಮೊರದಗಲ ಕಿವಿ ಎಲ್ಲ ಮಾಡಿ ಟ್ರೇಯಲ್ಲಿಟ್ಟಳು. ಅಜ್ಜಿ ಓವನ್ ಬಾಗಿಲಿಗೆ ಅಡ್ಡ ನಿಂತರು. “ಗಣಪತಿನ ಬೇಯಿಸ್ತಾರೇನೇ?” ಹಸಿ ಮಣ್ಣಿನ ಗಣಪ ನೀರಿನಲ್ಲಿ ಕರಗಬೇಕು, ಸುಟ್ಟ ಗಣಪನನ್ನು ಎಲ್ಲಿ ಬಿಡುವುದು? ಸರಿ, ಗಾಳಿಗೆ ಒಣಗಲಿ ಎಂದಾಯಿತು. ಆಗ ಅಜ್ಜ ಇನ್ನೊಂದು ಪಾಯಿಂಟ್ ಹಾಕಿದರು. ವಿಸರ್ಜನೆಯ ನೀರು ಹಾಕುವುದು ತುಳಸಿಗೆ. ಇಷ್ಟು ಉಪ್ಪು ಬಿದ್ದರೆ ತುಳಸಿ ಉಳಿಯುವುದಿಲ್ಲ. ಚರ್ಚೆ ಮುಗಿಯುವಷ್ಟರಲ್ಲಿ ಅಜ್ಜಿ ಒಂದು ಹಿಡಿ ಅರಿಶಿನಕ್ಕೆ ನೀರು ಚಿಮುಕಿಸಿ, ಗೋಪುರದ ಆಕಾರಕ್ಕೆ ಒತ್ತಿ, ಕುಂಕುಮವಿಟ್ಟು ಎಲೆಯ ಮೇಲೆ ಕೂರಿಸಿಯಾಗಿತ್ತು. ಪೂಜೆ ಇವನಿಗೆ, ಅಲಂಕಾರಕ್ಕೆ ಅವನು.

ಝೂಮಿನಲ್ಲಿ ಮೈಸೂರಿನ ಪುರೋಹಿತರು ಸಂಕಲ್ಪ ಶುರು ಮಾಡಿದರು. ಪರದೆಗೆ ಕಣ್ಣು ನೆಟ್ಟು ಕೂತಿದ್ದ ಅಜ್ಜ ಗಾಬರಿಯಾದರು. ಗಣಪನ ಸೊಂಡಿಲು ಬಲಕ್ಕೆ ತಿರುಗಿದೆ! ಬಲಮುರಿ ಗಣಪನೆಂದರೆ ನೇಮ ನಿಷ್ಠೆ ಬಿಗಿ, ಬಾಡಿಗೆಗೆ ಬಂದವರಂತೆ ಸಡಿಲವಾಗಿ ಇರುವ ಹಾಗಿಲ್ಲ. ಮೈಸೂರಿನವರು ಎಡಮುರಿಯೇ ಎಂದರು, ಅಜ್ಜ ಬಲಮುರಿಯೇ ಎಂದರು. ಆಚಮನ ನಿಂತಿತು. ಮೊಮ್ಮಗಳು ಬಂದು ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆದಳು. ಝೂಮ್ ನಮಗೆ ನಮ್ಮನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೋರಿಸುತ್ತದೆ, ಎದುರಿನವರಿಗೆ ನೆಟ್ಟಗೇ ಕಾಣುತ್ತದೆ. ಸೊಂಡಿಲು ಎಡಕ್ಕೆ ಹೊರಳಿತು. ಅಜ್ಜ ಅದನ್ನು ಪವಾಡವೆಂದೇ ಪರಿಗಣಿಸಿದರು.

ಅರಿಶಿನದ ಗಣಪ ಬಕೆಟ್ಟಿನಲ್ಲಿ ಕರಗಿ ತುಳಸಿಯ ಬುಡ ಸೇರಿದ. ಉಪ್ಪಿನ ಗಣಪ ಶೋಕೇಸಿನಲ್ಲಿ ಉಳಿದ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನ್ಯೂಜೆರ್ಸಿಯ ಆಗಸ್ಟಿನಲ್ಲಿ ತೇವಕ್ಕೇನು ಬರ? ಸೆಪ್ಟೆಂಬರ್ 1ರ ಅನಂತ ಚತುರ್ದಶಿಯ ಹೊತ್ತಿಗೆ ಅವನ ಮೈ ಮೆತ್ತಗಾಗಿ ಹೊಟ್ಟೆ ಮಂಡಿಯ ಮೇಲೆ ಇಳಿದು ಕೂತಿತ್ತು. ವಿಡಿಯೊ ಕಾಲಿನಲ್ಲಿ ಅವನನ್ನು ನೋಡಿದ ಮೈಸೂರಿನ ಅತ್ತಿಗೆ, “ಅಯ್ಯೋ, ಇವನೂ ಮನೆಯಿಂದಲೇ ಕೆಲಸ ಮಾಡ್ತಿದಾನಾ?” ಎಂದರು.