ಅಂಜಲ್ ಬೇಟೆ

"ಮಾವ, ವಾಂತಿ ಮಾತ್ರೆ?"

"ಮಲ್ಪೆಯಲ್ಲಿ ಹುಟ್ಟಿದವನಿಗಾ? 40 ವರ್ಷ ಮಲಾಡ್ ಲೋಕಲ್ಲಲ್ಲಿ ನೇತಾಡಿದವ ಮಾರಾಯ ನಾನು!"

ದೋಣಿ ಮಢ್ ಬಿಟ್ಟು ಅರ್ಧ ಗಂಟೆ. ವರ್ಸೋವಾದ ಕಟ್ಟಡಗಳು ಬೆಂಕಿಪೊಟ್ಟಣದಷ್ಟಾದವು. ಮಾವನ ಮುಖಕ್ಕೆ ಪುದೀನ ಚಟ್ನಿಯ ಬಣ್ಣ. ಬಗ್ಗಿದರು.

ದೋಣಿ ನಡೆಸುವ ಕೋಳಿ ಸಮುದಾಯದ ತಾಂಡೇಲ ನಕ್ಕ. "ನಾರಳಿ ಪೂರ್ಣಿಮೆಗೆ ನಾವು ಸಮುದ್ರಕ್ಕೆ ತೆಂಗಿನಕಾಯಿ ಕೊಡ್ತೇವೆ. ನೀವು ಇಡ್ಲಿ ಕೊಟ್ರಿ."

"ಜೂನ್ 1ರಿಂದ ಜುಲೈ 31, ಮೀನುಗಾರಿಕೆ ನಿಷೇಧ ಅಲ್ವಾ? ನನ್ನನ್ನ ಆಗ ಕರೀಬೇಕಿತ್ತು," ಮಾವ ನರಳಿದರು.

"ಗಾಳಕ್ಕೆ ಏನೋ ಸಿಕ್ತು!"

"ಏನದು?"

"ಪ್ಲಾಸ್ಟಿಕ್ ಚೀಲ."

ಸಂಜೆ ಮಲಾಡ್ ಮಾರ್ಕೆಟ್. ಅಂಜಲ್, ಇಲ್ಲಿನವರ ಪಾಲಿನ ಸುರ್ಮಯಿ, ಆರಿಸಿದ್ದಾಯಿತು.

"ತುಂಡು ಮಾಡ್ಲಾ?" ಕತ್ತಿ ಎತ್ತಿದಳು ಮೀನಿನವಳು.

"ತಡಿ! ಮೊದಲು ಫೋಟೋ." ಮಾವ ನನ್ನತ್ತ ತಿರುಗಿ ಪಿಸುಗುಟ್ಟಿದರು: "ಕಣ್ಣಿನ ಮೇಲಿನ ಐಸು ಒರೆಸು."