ಕೋಟನೂರ ತಗ್ಗುಗಳ ದ್ವಿಪದ ಮೀಮಾಂಸೆ

ರಸ್ತೆಯೆಂಬುದು ಒಂದು ಫಂಕ್ಷನ್. ದೂರ ಕೊಟ್ಟರೆ ಎತ್ತರ ಹೇಳುತ್ತದೆ. ನಮ್ಮ ಜಿಲ್ಲೆಯ ಕೋಟನೂರದ ಕಡೆಗಾದರೆ ಹೆಚ್ಚಾಗಿ ಆಳವನ್ನೇ ಹೇಳುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನ ಮೇಲೆ ಡಾಂಬರು ಹಾಸಿದ ಮೇಲೆ ಬೇರೆ ಫಂಕ್ಷನ್ ಹುಟ್ಟುವುದಾದರೂ ಎಲ್ಲಿಂದ?

ಫಂಕ್ಷನ್ ಎಷ್ಟೇ ಅಂಕುಡೊಂಕಾಗಿರಲಿ, ನಡುವೆ ಕಡಿದುಹೋಗದಿದ್ದರೆ ಸಾಕು, ಬಹುಪದೋಕ್ತಿಯೊಂದು ಬೇಕಾದಷ್ಟು ಸಮೀಪ ಹೋಗಬಲ್ಲದೆಂದು 1885ರಲ್ಲಿ ವೈಯರ್ಸ್ಟ್ರಾಸ್ ಸಾಧಿಸಿದ. 1912ರಲ್ಲಿ ಬರ್ನ್‌ಸ್ಟೈನ್ ದಾರಿಯನ್ನೇ ತೋರಿದ: ದಂಡೆಯಿಂದ ದಂಡೆಗೆ ಎನ್ ಸಮಭಾಗ ಮಾಡು, ಗುರುತು ಗುರುತಿಗೂ ಅಳೆ, ಅಳತೆಗಳಿಗೆ ದ್ವಿಪದ ಗುಣಾಂಕ, ದೂರದ ಘಾತ ಎರಡೂ ಸೇರಿದ ತೂಕ ಕೊಟ್ಟು ಕೂಡಿಸು. 1931ರಲ್ಲಿ ರುಮೇನಿಯದ ಪೊಪೊವಿಚ್ಯು, ಘಾತಗಳ ಜಾಗದಲ್ಲಿ ದ್ವಿಪದ ನಿಯಮ ಪಾಲಿಸುವ ಬೇರೆ ಮಾಲೆಗಳನ್ನೂ ಕೂರಿಸಿದ. ಇಷ್ಟೆಲ್ಲ ಪರದೇಶದ್ದೆಂದು ಬೆರಗಾಗಬೇಕಿಲ್ಲ. ಆ ಗುಣಾಂಕಗಳ ಸಾಮಾನ್ಯ ಸೂತ್ರ ಕ್ರಿ.ಶ. 850ರ ಸುಮಾರಿನ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲೇ ಇದೆ. ಅವನು ಹೊಗಳಿದ ದೊರೆ ಅಮೋಘವರ್ಷ. ದೊರೆಯ ಮಾನ್ಯಖೇಟ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಸೂತ್ರವೂ ಜಿಲ್ಲೆಯದು, ತಗ್ಗೂ ಜಿಲ್ಲೆಯದು.

ಈಗ ಪ್ರಮೇಯ. ಒಂದು ಅಡಿ ಆಳದ, ಪರವಲಯಾಕಾರದ ತಗ್ಗೊಂದನ್ನು ಆರಿಸಿಕೊಳ್ಳಿ (ಆಯ್ಕೆಗೆ ಕೊರತೆಯಿಲ್ಲ). ಬರ್ನ್‌ಸ್ಟೈನ್ ಲೆಕ್ಕದಲ್ಲಿ ಅದರ ಆಳ ಎನ್‌ನಲ್ಲೊಂದು ಪಾಲು ಕಡಿಮೆ ಬರುತ್ತದೆ. ಎನ್ 12 ಆದರೆ ಆಳ 11 ಇಂಚು. 3 ಆದರೆ 8. 2 ಆದರೆ 6. ಎನ್ 1 ಆದರೆ, ಅಂದರೆ ಆ ದಂಡೆ ಈ ದಂಡೆ ಎರಡನ್ನೇ ಮುಟ್ಟಿ ನೋಡಿದರೆ, ತಗ್ಗೇ ಇಲ್ಲ! "ರೋಡ್ ಸಪಾಟ ಅದರಿ ಸಾಹೇಬ್ರ" ಎನ್ನುವ ಗುತ್ತಿಗೆದಾರನನ್ನು ಸುಳ್ಳುಗಾರನೆಂದವರು ಗಣಿತದ್ರೋಹಿಗಳು. ಪೊಪೊವಿಚ್ಯುವಿನ ಯಾವ ಮಾಲೆ ಹಾಕಿದರೂ ಎನ್ 1ಕ್ಕೆ ಸಿಗುವುದು ಸರಳರೇಖೆಯೇ. ಟೆಂಡರ್ ಯಾರಿಗೆ ಹೋದರೂ ಬಿಲ್ಲು ಒಂದೇ ಆಗುವುದರ ರಹಸ್ಯವಿದು.

ಉಪಪ್ರಮೇಯ: ಹಂಪುಗಳೂ ಇದೇ ನ್ಯಾಯದಿಂದ ಕಾಗದದ ಮೇಲೆ ತಗ್ಗುತ್ತವೆ.

ಪೂರ್ವಪಕ್ಷದವರು ಕೇಳಬಹುದು: ಹಾಗಿದ್ದರೆ ಆಟೋದಲ್ಲಿ ಕೂತವರ ನಡ ಯಾಕೆ ನೋಯುತ್ತದೆ? ಸಿದ್ಧಾಂತಿಯ ಉತ್ತರ: ನಡವು ಎನ್ ಅನಂತಕ್ಕೆ ಹೋದಾಗಿನ ಅಳತೆ, ಅದಕ್ಕೆ ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಕಾಲಂ ಇಲ್ಲ. ಎನ್ ಇಮ್ಮಡಿಸಿದರೆ ಲೆಕ್ಕದ ತಪ್ಪು ಅರ್ಧಕ್ಕಿಳಿಯುತ್ತದೆ, ನಿಜ. ಆದರೆ ಬಿಸಿಲಲ್ಲಿ ಬಗ್ಗಿ ಟೇಪು ಹಿಡಿಯುವವರೂ ಇಮ್ಮಡಿ ಬೇಕಲ್ಲ! ಶುದ್ಧ ಗಣಿತ ಈ ಸಮಸ್ಯೆಯನ್ನು ಇನ್ನೂ ಕೈಗೆತ್ತಿಕೊಂಡಿಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ: ನಿಮ್ಮ ಓಣಿಯ ರಸ್ತೆ ಅಳೆಯಲು ಬಂದವರನ್ನು ಬೈಯಬೇಡಿ. ಚಹಾ ಕೊಟ್ಟು, ಎಷ್ಟು ಕಡೆ ಟೇಪು ಹಿಡಿದಿರಿ ಎಂದಷ್ಟೇ ಕೇಳಿ.