ಗಂಟಲಿಗೊಂದು ಶಾಲು

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆ ಸಾಲದೆ ಮೆಟ್ಟಿಲ ಮೇಲೂ ಕುಳಿತಿರುವ ಗಣ್ಯರೇ, ನಡುವಿನಲ್ಲಿ ಹಾರ ಹಾಕಿಸಿಕೊಂಡಿರುವ ಖಾಲಿ ಕುರ್ಚಿಯೇ, ಊಟದ ಕೂಪನ್ನನ್ನು ಭದ್ರವಾಗಿ ಹಿಡಿದು ಕುಳಿತಿರುವ ರಸಿಕ ಮಹಾಜನಗಳೇ,

ಇಂದಿನ ಸನ್ಮಾನಿತರಾದ ಶ್ರೀಯುತ ಜಿಮ್ ಡೇಲ್ ಅವರಿಗೆ ಪರಿಚಯದ ಅಗತ್ಯವೇ ಇಲ್ಲ ಎಂದು ನಿರೂಪಕಿ ಈಗತಾನೆ ಹೇಳಿದರು. ಅವರು ಎಲ್ಲರ ಬಗ್ಗೆಯೂ ಹಾಗೆಯೇ ಹೇಳುತ್ತಾರೆ, ಕಳೆದ ವಾರ ಪಂಚಾಯಿತಿಯ ಎಂಜಿನಿಯರರ ಬಗ್ಗೆಯೂ ಹೇಳಿದ್ದರು. ಆದರೆ ಬಲ್ಲವರು ಕೈ ಎತ್ತಿ ಎಂದಾಗ ಈ ಸಭೆಯಲ್ಲಿ ಎದ್ದದ್ದು ಒಂದೇ ಕೈ. ಅದು ನ್ಯೂಜೆರ್ಸಿಯಿಂದ ಅಜ್ಜಿಯ ಮನೆಗೆ ರಜೆಗೆ ಬಂದಿರುವ ಹುಡುಗಿಯದು. ಅವಳೂ ಮುಖ ನೋಡಿಲ್ಲವಂತೆ. ದನಿ ಮಾತ್ರ ಗೊತ್ತು, ಅದೂ ಕಾರಿನ ಹಿಂದಿನ ಸೀಟಿನಿಂದ.

ಇವತ್ತೇ ಏಕೆ ಸನ್ಮಾನ ಎಂದು ಕೆಲವರು ಕೇಳಿದ್ದಾರೆ. ಕಾರಣ ಸರಳ. ಬೆಳಿಗ್ಗೆ ಧ್ವಜಾರೋಹಣಕ್ಕೆ ಹಾಕಿಸಿದ ಶಾಮಿಯಾನ, ಕುರ್ಚಿ, ಮೈಕ್‌ಸೆಟ್ಟು ರಾತ್ರಿಯ ತನಕ ನಮ್ಮ ಬಾಡಿಗೆಯಲ್ಲಿವೆ. ಸುಮ್ಮನೆ ಬಿಟ್ಟರೆ ನಷ್ಟವಾಗುತ್ತದೆ, ಈ ತಾರೀಕಿಗೆ ಹುಟ್ಟಿದ ಕಲಾವಿದರು ಯಾರಾದರೂ ಇದ್ದಾರೆಯೇ ನೋಡಿ ಎಂದರು ಖಜಾಂಚಿಗಳು. 1935ರ ಆಗಸ್ಟ್ 15ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್‌ನ ರಾಥ್‌ವೆಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಇವರು ಸಿಕ್ಕರು. ಬ್ರಿಟಿಷರನ್ನು ಕಳಿಸಿದ ದಿನವೇ ಬ್ರಿಟಿಷರೊಬ್ಬರಿಗೆ ಶಾಲು ಹೊದಿಸುವುದೇ ಎಂದು ಒಬ್ಬ ಹಿರಿಯ ಸದಸ್ಯರು ಗುಡುಗಿದರು. ಸನ್ಮಾನಿತರೂ ಇಂಗ್ಲೆಂಡ್ ಬಿಟ್ಟು ಅಮೆರಿಕ ಸೇರಿಕೊಂಡವರು ಎಂದು ತಿಳಿದ ಮೇಲೆ ತಣ್ಣಗಾದರು. ಹಿರಿಯರ ಮಗನೂ ಅಲ್ಲೇ ಇದ್ದಾನೆ.

ಹುಟ್ಟುಹೆಸರು ಜೇಮ್ಸ್ ಸ್ಮಿತ್. ಇಂಗ್ಲೆಂಡಿನಲ್ಲಿ ಸ್ಮಿತ್ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಆದ್ದರಿಂದ ಜಿಮ್ ಡೇಲ್ ಆದರು. ಇಲ್ಲಿಯವರೆಗೆ ನನ್ನ ತಕರಾರಿಲ್ಲ.

ನನಗೆ ವಹಿಸಿರುವ ಕೆಲಸ ಹೊಗಳುವುದು. ಆದರೆ ಇವರ ಜೀವನಚರಿತ್ರೆ ಓದುತ್ತಾ ಹೋದಂತೆ ಕೈ ನಡುಗತೊಡಗಿತು. ಮಹಾಜನಗಳೇ, ಇವರು ಒಂದು ಕೆಲಸದಲ್ಲಿ ನೆಟ್ಟಗೆ ನಿಂತವರಲ್ಲ! ನಮ್ಮ ಮನೆಗಳಲ್ಲಾಗಿದ್ದರೆ ಹೆಣ್ಣು ಕೊಡುತ್ತಿರಲಿಲ್ಲ.

ಹುಡುಗನಾಗಿದ್ದಾಗ ನೃತ್ಯ ಕಲಿತರು. ಹದಿಹರೆಯದಲ್ಲೇ ವಿನೋದಾವಳಿ ತಂಡದೊಂದಿಗೆ ಊರೂರು ಸುತ್ತಿ ಜನರನ್ನು ನಗಿಸಿದರು. ಸರಿ, ಹಾಸ್ಯಗಾರನೇ ಆಗಲಿ ಎಂದರೆ ಹಾಡಲು ಹೊರಟರು. 1957ರಲ್ಲಿ ಇವರ ‘ಬಿ ಮೈ ಗರ್ಲ್’ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಧ್ವನಿಮುದ್ರಿಸಿದವರು ಜಾರ್ಜ್ ಮಾರ್ಟಿನ್. ಹುಡುಗಿಯರು ಕಿರುಚುತ್ತಿದ್ದರು, ದುಡ್ಡು ಬರುತ್ತಿತ್ತು, ಬುದ್ಧಿ ಇದ್ದವನು ಅಲ್ಲೇ ಕೂರಬೇಕಿತ್ತು. ಇವರು ಬಿಟ್ಟು ಎದ್ದರು. ಜಾರ್ಜ್ ಮಾರ್ಟಿನ್ ಕೆಲವು ವರ್ಷ ಕಾದು ಬೀಟಲ್ಸ್ ಎಂಬ ನಾಲ್ವರು ಹುಡುಗರನ್ನು ಹಿಡಿದುಕೊಂಡರು. ಮುಂದಿನದು ನಿಮಗೆ ಗೊತ್ತು.

ಆಮೇಲೆ ಸಿನಿಮಾ. 1963ರಿಂದ ‘ಕ್ಯಾರಿ ಆನ್’ ಎಂಬ ಹಾಸ್ಯಚಿತ್ರಗಳ ಸರಣಿ, ಒಟ್ಟು ಹನ್ನೊಂದರಲ್ಲಿ ನಟನೆ. ವಿಮರ್ಶಕರು ಮೂಗು ಮುರಿದ, ಜನ ಟಿಕೆಟ್ಟಿಗೆ ಮುಗಿಬಿದ್ದ ಚಿತ್ರಗಳವು. ಬೀಳುವುದು, ಜಾರುವುದು, ಗೋಡೆಗೆ ಗುದ್ದಿಕೊಳ್ಳುವುದರಲ್ಲಿ ಇವರದು ಪಳಗಿದ ಕೈ, ಅಥವಾ ಪಳಗಿದ ಬೆನ್ನು. ನಡುವೆ ಬಿಡುವಾದಾಗ ‘ಜಾರ್ಜಿ ಗರ್ಲ್’ ಎಂಬ 1966ರ ಚಿತ್ರಕ್ಕೆ ಶೀರ್ಷಿಕೆ ಗೀತೆ ಬರೆದುಕೊಟ್ಟರು. ಅದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಪ್ರಶಸ್ತಿ ಬರಲಿಲ್ಲ. ಬಂದಿದ್ದರೆ ಕವಿಯಾಗಿ ಉಳಿದುಬಿಡುತ್ತಿದ್ದರೇನೋ, ನಾವೆಲ್ಲ ಈಗ ಮನೆಯಲ್ಲಿರುತ್ತಿದ್ದೆವು.

ಅಷ್ಟರಲ್ಲಿ ಲಾರೆನ್ಸ್ ಒಲಿವಿಯರ್ ಕರೆದರು. ರಂಗಭೂಮಿಯ ಬಗ್ಗೆ ಭಾಷಣ ಮಾಡುವವರೆಲ್ಲ ಕಣ್ಣು ಮುಚ್ಚಿಕೊಂಡು ಉಚ್ಚರಿಸುವ ಹೆಸರು ಅದು. ಗೋಡೆಗೆ ಗುದ್ದಿಕೊಳ್ಳುತ್ತಿದ್ದವರು ಬ್ರಿಟನ್ನಿನ ನ್ಯಾಷನಲ್ ಥಿಯೇಟರ್ ಸೇರಿ ಷೇಕ್ಸ್‌ಪಿಯರ್ ಆಡಿದರು. ಫ್ರೆಂಚ್ ನಾಟಕಕಾರ ಮೋಲಿಯೇರನ ತುಂಟ ಆಳಿನ ಕಥೆಯನ್ನು ‘ಸ್ಕಪೀನೋ’ ಎಂದು ಹೊಸದಾಗಿ ಕಟ್ಟಿ, ಅದನ್ನು ಹೊತ್ತು 1974ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋದರು. 1980ರಲ್ಲಿ ‘ಬಾರ್ನಮ್’. ಸರ್ಕಸ್ ಯಜಮಾನನೊಬ್ಬನ ಕಥೆಯ ಆ ಸಂಗೀತ ನಾಟಕದಲ್ಲಿ ಹಾಡಿದರೆ ಸಾಲದು, ಹಗ್ಗದ ಮೇಲೆ ನಡೆಯಲೂಬೇಕು. ನಲವತ್ತು ದಾಟಿದ ಮನುಷ್ಯ ಹಗ್ಗದ ಮೇಲೆ ನಡೆಯುವುದನ್ನು ಕಲಿತರು. ಟೋನಿ ಪ್ರಶಸ್ತಿ ಬಂತು. ನಮ್ಮ ಸಂಘದಲ್ಲಿ ನಲವತ್ತು ದಾಟಿದವರು ಧ್ವಜದ ಹಗ್ಗ ಎಳೆದು ಇವತ್ತು ಬೆಳಿಗ್ಗೆ ಸೊಂಟ ಹಿಡಿಸಿಕೊಂಡಿದ್ದಾರೆ, ಹೆಸರು ಹೇಳುವುದಿಲ್ಲ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಎಲ್ಲ ಸೊಪ್ಪೂ ಮೇದ ಈ ಆಡು ಕೊನೆಗೆ ಹಾಲು ಕೊಟ್ಟದ್ದು ಎಲ್ಲಿ ಎಂಬುದೇ ನನ್ನ ಭಾಷಣದ ಮುಖ್ಯ ವಿಷಯ. ಇಲ್ಲಿಯವರೆಗೆ ಹೇಳಿದ್ದು ಪೀಠಿಕೆ.

1999. ಪಿಂಚಣಿ ಪುಸ್ತಕ ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಾದ ವಯಸ್ಸಿನಲ್ಲಿ ಇವರನ್ನು ನ್ಯೂಯಾರ್ಕಿನ ಒಂದು ಧ್ವನಿಮುದ್ರಣ ಕೋಣೆಯಲ್ಲಿ ಕೂರಿಸಿ, ಕೈಗೊಂದು ಮಕ್ಕಳ ಪುಸ್ತಕ ಕೊಟ್ಟು ಓದಿ ಎಂದರು. ಜೆ. ಕೆ. ರೋಲಿಂಗ್ ಅವರ ‘ಹ್ಯಾರಿ ಪಾಟರ್’. ಅಮೆರಿಕದ ಆವೃತ್ತಿಗಾಗಿ ಏಳೂ ಸಂಪುಟಗಳನ್ನು ಇವರೊಬ್ಬರೇ ಓದಿದರು. ನೋಡಿ, ಬರೆದವರು ಬೇರೆ, ಅಚ್ಚು ಹಾಕಿದವರು ಬೇರೆ, ಮಂತ್ರ ಹಾಕಿದ ಹುಡುಗ ಬೇರೆ. ಇವರು ಮಾಡಿದ್ದು ಇದ್ದದ್ದನ್ನು ಇದ್ದ ಹಾಗೆ ಓದಿದ್ದು. ನಮ್ಮ ಕಾರ್ಯದರ್ಶಿಗಳೂ ಪ್ರತಿ ವರ್ಷ ವರದಿ ಓದುತ್ತಾರೆ. ಯಾರಾದರೂ ಗ್ರ್ಯಾಮಿ ಪ್ರಶಸ್ತಿ ಕೊಟ್ಟರೇ?

ಆದರೂ ಆ ಕೋಣೆಯ ಕಷ್ಟ ಸ್ವಲ್ಪ ಹೇಳಬೇಕು. ಗಾಳಿಯಾಡದ ಸಣ್ಣ ಕೋಣೆ. ಫ್ಯಾನು ಹಾಕುವಂತಿಲ್ಲ, ಸದ್ದಾಗುತ್ತದೆ. ಕುರ್ಚಿ ಕಿರುಗುಟ್ಟಬಾರದು, ಹಾಳೆ ಸರಸರ ಎನ್ನಬಾರದು, ಗಂಜಿ ಹಾಕಿದ ಅಂಗಿ ತೊಡಬಾರದು. ಹಸಿವಾಗಿ ಹೊಟ್ಟೆ ಗುರ್ ಎಂದರೆ ಅದೂ ಪುಸ್ತಕದೊಳಗೆ ಸೇರುತ್ತದೆ, ಆ ಸಾಲನ್ನು ಮತ್ತೆ ಮೊದಲಿನಿಂದ ಓದಬೇಕು. ಕೇಳುವವರಿಗೆ ಒಂದು ಗಂಟೆ ಸಿಗಬೇಕಾದರೆ ಓದುವವರು ಎರಡು ಗಂಟೆಯಾದರೂ ಕೂರಬೇಕು. ಇವರ ಪಾಲಿಗೆ ಬಂದ ಐದನೇ ಸಂಪುಟ, 2003ರದ್ದು, ಅಮೆರಿಕದ ಮುದ್ರಣದಲ್ಲಿ 870 ಪುಟ. ಓದಿ ಮುಗಿಸಿದಾಗ 26 ಗಂಟೆಗೂ ಹೆಚ್ಚಾಯಿತು. ನನ್ನ ಭಾಷಣ ಉದ್ದವಾಯಿತು ಎಂದು ಗೊಣಗುತ್ತಿರುವ ಮೂರನೇ ಸಾಲಿನವರು ಇದನ್ನು ಗಮನಿಸಬೇಕು.

ಆ ಸಂಪುಟವೊಂದರಲ್ಲೇ ಇವರು 134 ಬೇರೆ ಬೇರೆ ದನಿಗಳನ್ನು ಕೊಟ್ಟರು ಎಂದು ಗಿನ್ನೆಸ್ ಪುಸ್ತಕದವರು ದಾಖಲಿಸಿದರು. 2007ರ ಏಳನೇ ಸಂಪುಟಕ್ಕೆ ಇವರೇ ತಮ್ಮ ದಾಖಲೆ ಮುರಿದು 146 ಮಾಡಿದರು. ಎಣಿಸುತ್ತ ಕೂತಿದ್ದವರು ಯಾರು ಎಂಬುದು ನನ್ನ ಕುತೂಹಲ, ಅವರಿಗೂ ಒಂದು ಹಣ್ಣಿನ ಬುಟ್ಟಿ ಸಲ್ಲಬೇಕು. ಆದರೆ ಲೆಕ್ಕಕ್ಕಿಂತ ದೊಡ್ಡ ಕಷ್ಟ ನೆನಪಿನದು. ಮೊದಲ ಪುಸ್ತಕದಲ್ಲಿ ಒಂದು ಸಾಲು ಆಡಿ ಮರೆಯಾದವನು ನಾಲ್ಕು ವರ್ಷ ಬಿಟ್ಟು ಇನ್ನೊಂದು ಪುಸ್ತಕದ ಬಾಗಿಲು ತಟ್ಟುತ್ತಾನೆ. ದೊಡ್ಡವರು ಮರೆತಿರುತ್ತಾರೆ, ಒಂಬತ್ತು ವರ್ಷದ ಮಕ್ಕಳು ಮರೆತಿರುವುದಿಲ್ಲ. ಅದಕ್ಕಾಗಿ ಇವರು ಪ್ರತಿ ಪಾತ್ರದ ದನಿಯನ್ನು ಟೇಪಿನಲ್ಲಿ ಹಿಡಿದಿಟ್ಟುಕೊಂಡು, ಬೇಕಾದಾಗ ತಿರುಗಿಸಿ ಕೇಳಿ ಮುಂದುವರಿಯುತ್ತಿದ್ದರು.

ಇನ್ನೂ ಒಂದಿದೆ. ಕಷಾಯ ಕಲಿಸುವ ಸ್ನೇಪ್ ಮೇಷ್ಟ್ರಿಗೆ ಇವರು 1999ರಲ್ಲಿ ದನಿ ಕೊಟ್ಟರು. ಮೇಷ್ಟ್ರು ಒಳ್ಳೆಯವರೋ ಕೆಟ್ಟವರೋ ಎಂಬ ಗುಟ್ಟು ಲೇಖಕಿಯ ಹೊಟ್ಟೆಯಲ್ಲಿತ್ತು, ಹೊರಬಂದದ್ದು 2007ರಲ್ಲಿ. ತನಗೇ ತಿಳಿಯದ ಮನುಷ್ಯನ ಪರವಾಗಿ ಎಂಟು ವರ್ಷ ಮಾತಾಡುವುದೆಂದರೇನು! ವಕೀಲರು ದಿನವೂ ಮಾಡುತ್ತಾರೆ, ನಿಜ. ಆದರೆ ಅವರ ಕಕ್ಷಿದಾರರ ದನಿ ಕೊನೆಯ ವಾಯಿದೆಯಲ್ಲಿ ತಾಳೆಯಾಗಬೇಕಾಗಿಲ್ಲ. ಸ್ನೇಪ್ ಮೇಷ್ಟ್ರ ದನಿ ತಾಳೆಯಾಯಿತು. ಅದನ್ನು ನಾನು ಸರ್ಕಸ್ಸಿನ ಹಗ್ಗಕ್ಕಿಂತ ದೊಡ್ಡ ನಡಿಗೆ ಎನ್ನುತ್ತೇನೆ.

ಆ ಏಳನೇ ಪುಸ್ತಕ ಅಂಗಡಿಗೆ ಬಂದದ್ದು 2007ರ ಜುಲೈ 21ರಂದು, ಧ್ವನಿಪುಸ್ತಕವೂ ಅದೇ ದಿನ. ಅಂದರೆ ಕೊನೆಗೆ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂದು ಮಕ್ಕಳೆಲ್ಲ ಉಗುರು ಕಚ್ಚಿಕೊಂಡು ಕಾಯುತ್ತಿದ್ದಾಗ ಇವರಿಗೆ ಮೊದಲೇ ಎಲ್ಲ ಗೊತ್ತಿತ್ತು. ಬಾಯಿಂದಲೇ ಬದುಕುವ ಮನುಷ್ಯ ಬಾಯಿ ಬಿಡಲಿಲ್ಲ. ನಮ್ಮ ಕಾರ್ಯಕಾರಿ ಸಮಿತಿಯ ತೀರ್ಮಾನ ಸಭೆ ಮುಗಿಯುವ ಮೊದಲೇ ಕಾಕಾ ಅಂಗಡಿಯಲ್ಲಿರುತ್ತದೆ.

ಹೊಗಳಿಕೆ ಹೆಚ್ಚಾಯಿತು, ದೂರುಗಳನ್ನೂ ದಾಖಲಿಸುತ್ತೇನೆ. ಯಾರ ಹೆಸರನ್ನು ಎತ್ತಲೇಬಾರದೋ ಆ ದುಷ್ಟನ ಹೆಸರನ್ನು ಇವರು ಎರಡು ರೀತಿ ಎತ್ತಿದ್ದಾರೆ. ಮೊದಮೊದಲು ಕೊನೆಯ ಅಕ್ಷರ ನುಂಗಿ ವೊಲ್ಡೆಮೊರ್ ಎಂದರು, ಸಿನಿಮಾದವರು ವೊಲ್ಡೆಮಾರ್ಟ್ ಎಂದ ಮೇಲೆ ತಾವೂ ಹಾಗೆಯೇ ಅಂದರು. ಲೇಖಕಿಯೇ ಕೊನೆಯ ಅಕ್ಷರ ಮೌನ ಎಂದಿದ್ದಾರೆ, ಆದ್ದರಿಂದ ಇವರು ಸರಿಯಿದ್ದದ್ದನ್ನು ಬಿಟ್ಟು ಬಹುಮತಕ್ಕೆ ಸೇರಿದರು. ಎರಡನೆಯದು, ಹರ್ಮೈನಿ ಎಂಬ ಜಾಣ ಹುಡುಗಿ ಇವರ ಬಾಯಲ್ಲಿ ‘ಹ್ಯಾಆಆರಿ’ ಎಂದು ರಾಗ ಎಳೆಯುತ್ತಾಳೆ. ಅಭಿಮಾನಿಗಳು ಇದನ್ನು ಇನ್ನೂ ಅಣಕಿಸುತ್ತಾರೆ. ನ್ಯೂಜೆರ್ಸಿಯ ಹುಡುಗಿ ಈಗ ನಗುತ್ತಿದ್ದಾಳೆ, ನೋಡಿ, ಸಾಕ್ಷಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ‘ಎರಡು ನಿಮಿಷ’. ಮುಗಿಸುವ ಮೊದಲು ನಾಲ್ಕು ಮಾತು.

ಒಂದೇ ಗಂಟಲಲ್ಲಿ ಇಷ್ಟು ಜನ ಎಂದು ಅಮೆರಿಕದವರು ಬೆರಗಾದರೆ ಆಗಲಿ, ನಾವು ತೀರಾ ಬೆರಗಾಗಬೇಕಿಲ್ಲ. ಕುಮಾರವ್ಯಾಸನನ್ನು ಹಾಡಿ ಓದುವ ಗಮಕಿಗಳ ಗಂಟಲಲ್ಲಿ ಕೌರವನೂ ಭೀಮನೂ ದ್ರೌಪದಿಯೂ ಜಗಳವಾಡುತ್ತಲೇ ಬಂದಿದ್ದಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ ಆ ಓದಿಗಾಗಿಯೇ 2022ರಲ್ಲಿ ಪದ್ಮಶ್ರೀ ಬಂತು. ಎದೆ ಉಬ್ಬಿಸಿ ಚಪ್ಪಾಳೆ ತಟ್ಟುತ್ತಿದ್ದೀರಿ, ಸಂತೋಷ. ಕಳೆದ ಶ್ರಾವಣದಲ್ಲಿ ಇದೇ ಶಾಮಿಯಾನದಲ್ಲಿ ಗಮಕ ವಾಚನ ಇಟ್ಟಾಗ ಕೇಳಲು ಕೂತಿದ್ದವರು ನಾನು, ಮೈಕಿನವನು, ಮತ್ತು ಮಳೆಗೆ ಒಳಬಂದ ಇಬ್ಬರು. ಚಪ್ಪಾಳೆಯನ್ನು ಅಂದಿಗೆ ಉಳಿಸಿಕೊಳ್ಳಬಹುದಿತ್ತು.

ಸನ್ಮಾನಿತರಿಗೂ ಅಂಥದೊಂದು ನೋವು ಇರಬಹುದು. ಇವರ ಸ್ವಂತ ದೇಶದ ಮಕ್ಕಳು ಹ್ಯಾರಿ ಪಾಟರನ್ನು ಇವರ ಬಾಯಲ್ಲಿ ಕೇಳಿ ಬೆಳೆಯಲಿಲ್ಲ. ಬ್ರಿಟನ್ನಿನ ಆವೃತ್ತಿಯನ್ನು ಓದಿದವರು ಸ್ಟೀಫನ್ ಫ್ರೈ. ಇಬ್ಬರಲ್ಲಿ ಯಾರು ಮೇಲು ಎಂದು ಎರಡು ದಂಡುಗಳು ಈಗಲೂ ಕತ್ತಿ ಮಸೆಯುತ್ತವೆ. ನನ್ನ ತೀರ್ಪು ಕೇಳಿದರೆ, ನಿದ್ದೆಗೆ ಜಾರಲು ಫ್ರೈ, ನಿದ್ದೆ ಬಿಟ್ಟು ಕೂರಲು ಡೇಲ್. ಫ್ರೈ ಕಥೆ ಹೇಳುತ್ತಾರೆ, ಡೇಲ್ ನಾಟಕ ಆಡುತ್ತಾರೆ. ಊರೂರು ತಿರುಗಿದ ಹಾಸ್ಯಗಾರ, ಪಾಪ್ ಗಾಯಕ, ಗೋಡೆಗೆ ಗುದ್ದಿಕೊಂಡ ಸಿನಿಮಾ ನಟ, ಮೋಲಿಯೇರನ ಆಳು ಎಲ್ಲರೂ ಆ ಗಾಳಿಯಿಲ್ಲದ ಕೋಣೆಯಲ್ಲಿ ಒಟ್ಟಿಗೆ ಕೂತಿದ್ದರು. ಅರವತ್ತರ ತನಕ ಅಲೆದದ್ದನ್ನು ನಾನು ಮೊದಲು ದುರ್ಗುಣ ಎಂದೆನಲ್ಲ, ಆ ಮಾತನ್ನು ಸಭಾಕಲಾಪದಿಂದ ತೆಗೆಯಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.

ನಾಲ್ಕನೇ ಸಂಪುಟಕ್ಕೆ 2001ರಲ್ಲಿ, ಏಳನೆಯದಕ್ಕೆ 2008ರಲ್ಲಿ ಗ್ರ್ಯಾಮಿ ಬಂತು. 2003ರಲ್ಲಿ ಬ್ರಿಟನ್ನಿನ ರಾಣಿಯವರ ಎಂಬಿಇ ಗೌರವ, ಇಂಗ್ಲಿಷ್ ಮಕ್ಕಳ ಸಾಹಿತ್ಯವನ್ನು ಹರಡಿದ್ದಕ್ಕೆ. 2011ರಲ್ಲಿ ಎರಿನ್ ಮಾರ್ಗನ್‌ಸ್ಟರ್ನ್ ಅವರ ‘ದಿ ನೈಟ್ ಸರ್ಕಸ್’ ಕಾದಂಬರಿಯನ್ನೂ ಓದಿದರು. ಸರ್ಕಸ್ಸು ಅವರನ್ನು ಬಿಡಲಿಲ್ಲ.

ಈಗ ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿಯನ್ನು ಖಾಲಿ ಕುರ್ಚಿಗೆ ಅರ್ಪಿಸಲಾಗುವುದು. ನ್ಯೂಯಾರ್ಕಿಗೆ ಕೊರಿಯರ್ ವೆಚ್ಚ ವಿಚಾರಿಸಿದ ಖಜಾಂಚಿಗಳು ಮಾತು ನಿಲ್ಲಿಸಿದ್ದಾರೆ, ಆದ್ದರಿಂದ ಹಣ್ಣನ್ನು ಊಟದ ಜೊತೆ ಹಂಚುತ್ತೇವೆ. ಪೇಟವನ್ನು ಯಾರೂ ಕೇಳಬೇಡಿ, ಅದೂ ಬಾಡಿಗೆಯದು.

ಕೊನೆಯದಾಗಿ, ಕನ್ನಡದಲ್ಲಿ ಧ್ವನಿಪುಸ್ತಕ ತರುತ್ತಿರುವವರು ಯಾರಾದರೂ ಈ ಸಭೆಯಲ್ಲಿದ್ದರೆ ಒಂದು ಅರಿಕೆ. ಓದಿದವರ ಹೆಸರನ್ನು ಬರೆದವರ ಹೆಸರಿನ ಕೆಳಗೇ, ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಹಾಕಿ. ಸಂಭಾವನೆಯನ್ನು ಗಂಟೆಯ ಲೆಕ್ಕದಲ್ಲಿ, ಕೋಣೆಯೊಳಗೆ ಕೂತ ಗಂಟೆಯ ಲೆಕ್ಕದಲ್ಲಿ, ನಗದಾಗಿ ಕೊಡಿ. ಶಾಲು ಬೇಡ, ಕನ್ನಡದ ಕಲಾವಿದರ ಮನೆಗಳಲ್ಲಿ ಶಾಲು ಬೇಕಾದಷ್ಟಿವೆ.